ಅನಂತ್ ನಾಗ್ ಅವರ ಐದು ಸಿನಿಮಾ ತೋರಿಸುವುದಾದರೆ ಯಾವುದು? ಹೀರೋ ಆಗಿದ್ದಾಗಿನದ್ದೋ, ಪೋಷಕ ಪಾತ್ರದ್ದೋ?

ಅಘನಾಶಿನಿ ದಡ (ಕುಮಟಾ)

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ನಾಟಕ ತಂಡದಿಂದ ಈ ಮಳೆಗಾಲದಲ್ಲಿ ಅನಂತ್ ನಾಗ್ ಅವರ ಐದು ಸಿನಿಮಾ ತೋರಿಸೋಣ ಅಂತ ಹೊರಟಿದ್ದೇವೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಊರಲ್ಲಿ ರಾತ್ರಿ ಕೂತು ನೋಡುವಂಥದ್ದು ಏನೂ ಇರುವುದಿಲ್ಲ. ಹಾಗಾಗಿ ಜನ ಬರುತ್ತಾರೆ ಅನ್ನೋ ಧೈರ್ಯ ಇದೆ. 2025ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗಲೇ ಮಾಡಬೇಕಿತ್ತು, ಈಗಲಾದರೂ ಆಗಲಿ.

ಪಟ್ಟಿ ಮಾಡಲು ಕೂತಾಗ ತಂಡ ಎರಡು ಭಾಗ ಆಯಿತು. ಹಿರಿಯರು ‘ಬಯಲು ದಾರಿ’, ‘ಚಂದನದ ಗೊಂಬೆ’, ‘ನಾ ನಿನ್ನ ಬಿಡಲಾರೆ’, ‘ಗಣೇಶನ ಮದುವೆ’, ‘ಗೌರಿ ಗಣೇಶ’ ಅಂತ ಬರೆದುಕೊಟ್ಟರು. ಎಲ್ಲವೂ ಅವರು ಹೀರೋ ಆಗಿದ್ದವು. ನನ್ನ ವಾದ ಬೇರೆ. ಮುಂಬೈ ರಂಗಭೂಮಿಯಿಂದ ಬಂದ ಈ ನಟನ ನಿಜವಾದ ಶಕ್ತಿ ಕಾಣುವುದು ಪಾತ್ರ ಸಣ್ಣದಿದ್ದಾಗ, ವಯಸ್ಸಾದಾಗ, ಹೀರೋ ಅನ್ನೋ ಭಾರ ಇಳಿದಾಗ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ‘ಕವಲುದಾರಿ’ ಇಲ್ಲದ ಪಟ್ಟಿ ನನಗೆ ಒಪ್ಪಿಗೆ ಇಲ್ಲ.

ಅನಂತ್ ನಾಗ್ ನಾಗರಕಟ್ಟೆ ಮನೆತನದವರು, ಶಿರಾಲಿ ಚಿತ್ರಾಪುರ ಮಠದ ನಂಟಿನವರು, ಅಂದರೆ ನಮ್ಮವರೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾಡುವ ಪ್ರದರ್ಶನ ಹಳೇ ಹಾಡಿನ ಕಾರ್ಯಕ್ರಮದ ಥರ ಆಗಬಾರದು. ನೀವೇನು ಹೇಳುತ್ತೀರಿ?

ಕರಿ ಇಶಾಡ (ಅಂಕೋಲಾ)

‘ಗಣೇಶನ ಮದುವೆ’ ಇಲ್ಲದಿದ್ದರೆ ನಾನಂತೂ ಕುಮಟಾಕ್ಕೆ ಬರುವುದಿಲ್ಲ ಮಾರಾಯ್ರೆ.

ಶಿರಸಿ ಸುಮಾ

ಅಘನಾಶಿನಿಯವರೇ, ನೀವು ಭಾಗ ಮಾಡಿದ್ದೇ ಸರಿ ಇಲ್ಲ ಅನಿಸುತ್ತದೆ. ಅವರು ಹೀರೋ ಆಗಿದ್ದಾಗಲೂ ಪೋಷಕ ನಟರು ಮಾಡುವ ಕೆಲಸವನ್ನೇ ಮಾಡುತ್ತಿದ್ದರು. 1974ರ ‘ಅಂಕುರ್’ ನೋಡಿ. ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ, ಶಬಾನಾ ಆಜ್ಮಿಗೂ ಅದೇ ಶುರು. ಅದರಲ್ಲಿ ಅನಂತ್ ನಾಗ್ ಜಮೀನ್ದಾರನ ಮಗ ಸೂರ್ಯ. ಪೋಸ್ಟರಿನಲ್ಲಿ ನಾಯಕ ಅಂತ ಹಾಕಬಹುದು, ಆದರೆ ಆ ಮನುಷ್ಯ ನಾಯಕನಾ? ಮನೆಕೆಲಸದ ಲಕ್ಷ್ಮಿಯ ಜೊತೆ ಸಂಬಂಧ ಬೆಳೆಸುತ್ತಾನೆ. ಅವಳು ಬಸುರಿ ಆದಾಗ ಕೈ ಬಿಡುತ್ತಾನೆ. ಕೊನೆಗೆ ಅವಳ ಗಂಡ ಕೆಲಸ ಕೇಳಲು ಬರುತ್ತಿದ್ದರೆ, ಸೇಡು ತೀರಿಸಲು ಬರುತ್ತಿದ್ದಾನೆ ಅಂತ ಹೆದರಿ ಚಾಟಿಯಲ್ಲಿ ಹೊಡೆಯುತ್ತಾನೆ.

ಆ ದೃಶ್ಯದಲ್ಲಿ ಅವರ ಮುಖ ನೋಡಬೇಕು. ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇದೆ. ಬೇರೆ ಹೊಸ ನಟ ಆಗಿದ್ದರೆ ವಿಲನ್ ಥರ ಹಲ್ಲು ಕಚ್ಚಿ ಹೊಡೆಯುತ್ತಿದ್ದ. ಇವರು ಹೊಡೆದು ಒಳಗೆ ಓಡಿ ಬಾಗಿಲು ಹಾಕಿಕೊಳ್ಳುವ ಪುಕ್ಕಲ. ಜನ ತನ್ನನ್ನು ಇಷ್ಟಪಡಬೇಕು ಅನ್ನೋ ಆಸೆಯನ್ನು ಸಿನಿಮಾಕ್ಕೆ ಕಾಲಿಡುವಾಗಲೇ ಬಿಟ್ಟ ನಟ ಇವರು. ಆ ಆಸೆ ಬಿಡುವುದು ಎಷ್ಟೋ ಜನರಿಗೆ ಕೊನೆಯವರೆಗೂ ಆಗುವುದಿಲ್ಲ. ನಾನು ಐದರಲ್ಲಿ ಮೊದಲನೆಯದು ‘ಅಂಕುರ್’ ಅಂತ ಹೇಳುತ್ತೇನೆ.

ಮಾವಿನಕುರ್ವೆ ಹುಡುಗ (ಹೊನ್ನಾವರ)

ಸುಮಕ್ಕ ಹೇಳಿದ್ದು ಸರಿ. ಅದೇ ಅವರ ಮೊದಲ ಸಿನಿಮಾ ಅಲ್ವಾ?

ಯಲ್ಲಾಪುರ ಮಾಸ್ತರ

ಹಿಂದಿಯಲ್ಲಿ ಮೊದಲನೆಯದು. ಕನ್ನಡದ ‘ಸಂಕಲ್ಪ’ 1973ರಲ್ಲೇ ಬಂದಿತ್ತು. ಅದಕ್ಕೂ ಮೊದಲು ಮುಂಬೈಯಲ್ಲಿ ಕೊಂಕಣಿ, ಕನ್ನಡ, ಮರಾಠಿ ನಾಟಕ ಮಾಡಿಕೊಂಡಿದ್ದರು. ಸತ್ಯದೇವ್ ದುಬೆ, ಅಮೋಲ್ ಪಾಲೇಕರ್ ಎಲ್ಲ ಇದ್ದ ಬಳಗ ಅದು.

ಕಾಳಿ ಸೇತುವೆ (ಕಾರವಾರ)

ಒಂದು ಮಾತು ಹೇಳಲೇಬೇಕು. ಊರ ಜನರಿಗೆ ತೋರಿಸುವ ಪ್ರದರ್ಶನದಲ್ಲಿ ಹಿಂದಿ ಸಿನಿಮಾ ಮೊದಲು ಇಟ್ಟರೆ ಅರ್ಧ ಜನ ಎರಡನೇ ದಿನ ಬರುವುದಿಲ್ಲ. ಕಾರವಾರದಲ್ಲಾದರೆ ನಡೆಯುತ್ತದೆ, ಇಲ್ಲಿ ಮರಾಠಿ, ಹಿಂದಿ ಎರಡೂ ಮನೆ ಮಾತಿನ ಹಾಗೆ. ಕುಮಟಾದಲ್ಲಿ ಹಿರಿಯರು ಬರುವುದು ಕನ್ನಡಕ್ಕೆ. ಸುಮಾ ಅವರು ಹೇಳಿದ ಗುಣ ‘ಬರ’ದಲ್ಲೂ ಇದೆಯಲ್ಲ. ಎಂ.ಎಸ್. ಸತ್ಯು ಅವರದು, ಅನಂತಮೂರ್ತಿಯವರ ಕಥೆ. ಅದರ ಜಿಲ್ಲಾಧಿಕಾರಿ ಒಳ್ಳೆಯವನು, ಓದಿದವನು, ಬರಗಾಲದ ಜಿಲ್ಲೆಯನ್ನು ಸರಿ ಮಾಡುತ್ತೇನೆ ಅಂತ ನಂಬಿದವನು. ಒಂದೊಂದೇ ಫೈಲು, ಒಂದೊಂದೇ ಫೋನ್ ಕರೆಯಲ್ಲಿ ಅವನ ಕೈ ಕಟ್ಟುತ್ತಾ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ನೆರೆ ಬಂದಾಗ, ಗುಡ್ಡ ಕುಸಿದಾಗ ಅಧಿಕಾರಿಗಳ ಮುಖ ಹತ್ತಿರದಿಂದ ನೋಡಿದವರಿಗೆ ಆ ಪಾತ್ರ ತಕ್ಷಣ ಅರ್ಥ ಆಗುತ್ತದೆ.

ಗುಣವಂತೆ ಭಾವ

ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಒಂದು ತಕರಾರು ಇದೆ, ನೇರವಾಗಿ ಹೇಳುತ್ತೇನೆ.

ನಾವು ಯಕ್ಷಗಾನದ ಆಟ ನೋಡಿ ಬೆಳೆದವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ನೋಡಿದ ಕಣ್ಣು ಇದು. ವಯಸ್ಸಾದ ಮೇಲೂ ರಂಗಕ್ಕೆ ಬಂದರೆ ಚೌಕಿಯಿಂದಲೇ (ಬಣ್ಣ ಹಚ್ಚುವ ಮನೆ) ಜನ ಎದ್ದು ನಿಲ್ಲುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಹೋದರು, ಇವತ್ತಿಗೂ ಅವರ ಕೀಚಕನ ಪ್ರವೇಶ ಕಣ್ಣಿಗೆ ಕಟ್ಟಿದ ಹಾಗಿದೆ. ಅಭಿನಯ ಅಂದರೆ ಅದು. ಕೈ, ಕಾಲು, ಕಣ್ಣು, ಕುಣಿತ ಎಲ್ಲವೂ ಒಟ್ಟಿಗೆ ಮಾತಾಡಬೇಕು. ಅನಂತ್ ನಾಗ್ ಒಳ್ಳೆಯ ನಟ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಪಾತ್ರಗಳಲ್ಲಿ ಅನಂತ್ ನಾಗ್ ಅವರೇ ಕಾಣುತ್ತಾರೆ. ಅದೇ ನಿಧಾನ, ಅದೇ ದನಿ, ಅದೇ ತಲೆ ಓರೆ ಮಾಡಿ ನೋಡುವುದು. ಬಹುಮುಖ ನಟ ಅಂತ ಹೇಗೆ ಕರೆಯುತ್ತೀರಿ?

ತಾಳಮದ್ದಳೆ ಪ್ರಿಯ (ಸಿದ್ದಾಪುರ)

ಭಾವಾ, ನೀವು ಬಯಲಾಟದ ಅಳತೆಗೋಲು ಹಿಡಿದು ನಿಂತಿದ್ದೀರಿ. ತಾಳಮದ್ದಳೆಗೆ ಬಂದು ನೋಡಿ. ಅಲ್ಲಿ ವೇಷ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಉಟ್ಟು ಕೂತವನು ಮಾತಿನಲ್ಲೇ ಕೃಷ್ಣ ಆಗಬೇಕು, ನಾಳೆ ಅದೇ ಪಂಚೆಯಲ್ಲಿ ಕೌರವ ಆಗಬೇಕು. ಅಲ್ಲಿ ದೊಡ್ಡ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಗೊತ್ತಾಗುವುದು ಅವನು ಮಾತಾಡುವಾಗ ಮಾತ್ರ ಅಲ್ಲ, ಎದುರಿನವನು ಮಾತಾಡುವಾಗ ಹೇಗೆ ಕೇಳುತ್ತಾನೆ ಅನ್ನುವುದರಲ್ಲಿ.

‘ಬೆಳದಿಂಗಳ ಬಾಲೆ’ ನೋಡಿದ್ದೀರಾ? 1995ರದ್ದು, ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ. ಚೆಸ್ ಆಟಗಾರ ರೇವಂತ್. ಹುಡುಗಿ ಫೋನಿನಲ್ಲಿ ಮಾತಾಡುತ್ತಾಳೆ, ಪರದೆ ಮೇಲೆ ಮುಖ ತೋರಿಸುವುದೇ ಇಲ್ಲ. ಅರ್ಧ ಸಿನಿಮಾ ಅನಂತ್ ನಾಗ್ ಸುಮ್ನೆ ರಿಸೀವರ್ ಹಿಡಿದು ಕೂತಿರುತ್ತಾರೆ. ಎದುರಿಗೆ ನಟಿ ಇಲ್ಲ, ಹಿಡಿದುಕೊಳ್ಳಲು ಕೈ ಇಲ್ಲ, ನೋಡಲು ಕಣ್ಣಿಲ್ಲ. ಆದರೂ ಆ ಹುಡುಗಿ ಇದ್ದಾಳೆ ಅಂತ ನಾವು ನಂಬುತ್ತೇವೆ. ಯಾಕೆ? ಇವರು ಕೇಳುತ್ತಿರುವ ರೀತಿಗೆ. ಕುತೂಹಲ, ಆಮೇಲೆ ಚಟ, ಆಮೇಲೆ ಪ್ರೀತಿ, ಆಮೇಲೆ ಹೆದರಿಕೆ, ಎಲ್ಲ ಮುಖದ ಮೇಲೆ ಒಂದಾದ ಮೇಲೊಂದು ಬರುತ್ತದೆ. ಎಲ್ಲ ಪಾತ್ರದಲ್ಲೂ ಒಂದೇ ದನಿ ಅಂತ ಹೇಳುವವರು ಒಮ್ಮೆ ಈ ರೇವಂತನನ್ನು ಕೇಳಿ, ಆಮೇಲೆ ‘ಗೌರಿ ಗಣೇಶ’ದ ಲಂಬೋದರನನ್ನು ಕೇಳಿ. ಮಾತಿನ ವೇಗವೇ ಬೇರೆ.

ಕರಿ ಇಶಾಡ (ಅಂಕೋಲಾ)

ಲಂಬೋದರನ ಹೆಸರು ಬಂತಲ್ಲ, ಈಗ ಚರ್ಚೆ ಸರಿ ದಾರಿಗೆ ಬಂತು.

ಗುಣವಂತೆ ಭಾವ

ಪ್ರಿಯರೇ, ಕೇಳುವ ಕಲೆ ಒಪ್ಪಿದೆ. ಆದರೆ ಕೆರೆಮನೆ ಶಂಭು ಹೆಗಡೆಯವರು ಕೇಳುತ್ತಲೂ ಇದ್ದರು, ಕುಣಿಯುತ್ತಲೂ ಇದ್ದರು. ಎರಡೂ ಇದ್ದವರನ್ನು ನೋಡಿದ ಮೇಲೆ ಅರ್ಧಕ್ಕೆ ತೃಪ್ತಿ ಆಗುವುದಿಲ್ಲ.

ಯಲ್ಲಾಪುರ ಮಾಸ್ತರ

ಸಿನಿಮಾಕ್ಕೂ ಆಟಕ್ಕೂ ದೂರದ ಲೆಕ್ಕ ಬೇರೆ, ಭಾವಾ. ಆಟದಲ್ಲಿ ಕೊನೇ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಮುಟ್ಟಬೇಕು. ಕ್ಯಾಮೆರಾ ಮೂಗಿನ ಮುಂದೆ ಇರುತ್ತದೆ.

ನಾನು ಮಕ್ಕಳಿಗೆ ನಾಟಕ ಕಲಿಸುವವನು, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಂಗಭೂಮಿಯಿಂದ ಬಂದ ನಟರಲ್ಲಿ ಎರಡು ಥರ. ಕೆಲವರು ರಂಗದ ದೊಡ್ಡ ದನಿಯನ್ನೇ ಕ್ಯಾಮೆರಾ ಮುಂದೆ ತರುತ್ತಾರೆ, ಅವರನ್ನು ಕಂಡರೆ ನಾಟಕದವರು ಅಂತ ಗೊತ್ತಾಗುತ್ತದೆ. ಇನ್ನು ಕೆಲವರು ದನಿಯನ್ನು ರಂಗದಲ್ಲೇ ಬಿಟ್ಟು ಶಿಸ್ತನ್ನು ಮಾತ್ರ ತರುತ್ತಾರೆ. ಶಿಸ್ತು ಅಂದರೆ ಏನು? ಎದುರಿನ ನಟನ ಸಾಲು ಮುಗಿಯುವ ತನಕ ಕಾಯುವುದು. ತನ್ನ ಮಾತಿಲ್ಲದಾಗ ಸತ್ತ ಹಾಗೆ ನಿಲ್ಲದಿರುವುದು. ಕೈಯಲ್ಲಿರುವ ವಸ್ತುವನ್ನು ನಿಜವಾಗಿ ಬಳಸುವುದು. ಅನಂತ್ ನಾಗ್ ಎರಡನೇ ಥರದವರು.

‘ಮುಂಗಾರು ಮಳೆ’ ನೆನಪು ಮಾಡಿಕೊಳ್ಳಿ. 2006ರಲ್ಲಿ ಎಲ್ಲರೂ ಗಣೇಶ್ ಮಾತು, ಹಾಡು, ಜೋಗ ಜಲಪಾತ ಅಂತ ಹುಚ್ಚಾಗಿದ್ದೆವು. ನಾಯಕಿಯ ಅಪ್ಪ ಕರ್ನಲ್ ಸುಬ್ಬಯ್ಯ ಆಗಿದ್ದವರು ಅನಂತ್ ನಾಗ್. ಗಣೇಶ್ ಬಾಯಿ ತುಂಬ ಮಾತಾಡುತ್ತಾರೆ, ಇವರು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತಾರೆ. ಆ ನೆಟ್ಟಗೆ ನಿಲ್ಲುವುದರಿಂದಲೇ ಹುಡುಗನ ಚೇಷ್ಟೆ ಚೇಷ್ಟೆಯಾಗಿ ಕಾಣುತ್ತದೆ, ಅವನ ಸಂಕಟವೂ ಗಟ್ಟಿಯಾಗುತ್ತದೆ. ಅಷ್ಟು ನಂಬಿದ ಮನುಷ್ಯನಿಗೆ ಮೋಸ ಮಾಡಲು ಹುಡುಗನಿಗೆ ಮನಸ್ಸು ಬರಬಾರದಲ್ಲ, ಇಡೀ ಕಥೆ ಅದರ ಮೇಲೆ ನಿಂತಿದೆ. ಅಂಥ ಅಪ್ಪನನ್ನು ಹುಟ್ಟಿಸುವುದು ಪೋಷಕ ನಟನ ಕೆಲಸ.

ಬೆಂಗಳೂರಲ್ಲಿರೋ ಭಟ್ಕಳಿಗ

ಮಾಸ್ತರ ಮಾತು ಚೆನ್ನಾಗಿದೆ. ಆದರೆ ‘ಮುಂಗಾರು ಮಳೆ’ ಆದ ಮೇಲೆ ಏನಾಯಿತು ಅಂತಲೂ ಹೇಳಿ. ಹೀರೋಯಿನ್ ಅಪ್ಪ, ಹೀರೋ ಅಪ್ಪ, ದೊಡ್ಡ ಮನೆ ಯಜಮಾನ. ಒಳ್ಳೆ ಶರ್ಟು, ಕನ್ನಡಕ, ಎರಡು ಬುದ್ಧಿಮಾತು. ‘ಹಂಸಗೀತೆ’ಯಲ್ಲಿ ಭೈರವಿ ವೆಂಕಟಸುಬ್ಬಯ್ಯ ಆದವರನ್ನು, ‘ಅವಸ್ಥೆ’ಯಲ್ಲಿ ಕೃಷ್ಣಪ್ಪ ಗೌಡ ಆದವರನ್ನು ಹೀಗೆ ಸೋಫಾ ಮೇಲೆ ಕೂರಿಸಿದ್ದು ನಮ್ಮ ಚಿತ್ರರಂಗದ ಅನ್ಯಾಯ. ಪೋಷಕ ಪಾತ್ರಗಳೇ ದೊಡ್ಡದು ಅಂತ ಹೇಳುವಾಗ ಈ ಹತ್ತು ವರ್ಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶಿರಸಿ ಸುಮಾ

ಭಟ್ಕಳಿಗರೇ, ಇದು ನನಗೂ ನೋವಿನ ವಿಷಯ. ಅವರಿಗೆ ಕೆಲಸ ಸಿಕ್ಕಿತು, ಪಾತ್ರ ಸಿಗಲಿಲ್ಲ.

ಮುರ್ಡೇಶ್ವರ ಅಲೆ

ಟಿವಿ ಧಾರಾವಾಹಿ ಲೆಕ್ಕಕ್ಕಿಲ್ವಾ? ‘ಮಾಲ್ಗುಡಿ ಡೇಸ್’ ನಮ್ಮ ಶಿರಸಿ ಕಡೆಯೇ ತೆಗೆದಿದ್ದು, ಶಂಕರ್ ನಾಗ್ ನಿರ್ದೇಶನ. ಅದರಲ್ಲಿ ಅನಂತ್ ನಾಗ್ ಇದ್ದಾರೆ.

ಕಾಳಿ ಸೇತುವೆ (ಕಾರವಾರ)

ಶಿರಸಿ ಕಡೆ ಅಲ್ಲ, ಆಗುಂಬೆ. ರೈಲು ನಿಲ್ದಾಣದ ದೃಶ್ಯ ಅರಸಾಳಿನದು. ಎರಡೂ ಶಿವಮೊಗ್ಗ ಜಿಲ್ಲೆ. ಅನಂತ್ ನಾಗ್ ಇದ್ದದ್ದು ಮಿಠಾಯಿ ಅಂಗಡಿಯ ಜಗನ್ ಕಥೆಯಲ್ಲಿ. ಆಗ ಅವರಿಗೆ ಇನ್ನೂ ನಲವತ್ತೂ ಆಗಿರಲಿಲ್ಲ, ಬೆಳೆದ ಮಗ ಇರುವ ಅಪ್ಪನಾಗಿ ಮಾಡಿದ್ದಾರೆ. ಅಪ್ಪನ ಪಾತ್ರ ವಯಸ್ಸಾದ ಮೇಲೆ ಬಂತು ಅಂತ ಹೇಳುವವರು ಇದನ್ನು ನೋಡಬೇಕು.

ಶಿರಸಿ ಸುಮಾ

ಶಿರಸಿ ಹೆಸರು ಬಂದಿದ್ದಕ್ಕೆ ಒಂದು ಮಾತು. ಅದೇ ‘ಮಾಲ್ಗುಡಿ’ಯಲ್ಲಿ ಸ್ವಾಮಿಯ ಅಪ್ಪ ಆದ ಗಿರೀಶ್ ಕಾರ್ನಾಡರು ಹುಡುಗತನ ಕಳೆದದ್ದು ನಮ್ಮ ಶಿರಸಿಯಲ್ಲಿ. ಇಲ್ಲಿ ಕಂಪನಿ ನಾಟಕ, ಯಕ್ಷಗಾನ ನೋಡಿ ಬೆಳೆದವರು. ಕಾರ್ನಾಡರೂ ಅನಂತ್ ನಾಗ್ ಅವರೂ ‘ಮಂಥನ್’ನಲ್ಲಿ ಒಟ್ಟಿಗೆ ಇದ್ದಾರೆ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಸಿನಿಮಾ, 1976. ಕಾರ್ನಾಡರು ಡಾಕ್ಟರ್ ರಾವ್, ಅನಂತ್ ನಾಗ್ ಅವರ ತಂಡದ ಹುಡುಗ ಚಂದಾವರ್ಕರ್. ಊರ ಹುಡುಗಿಯ ಹಿಂದೆ ಬಿದ್ದು ತಂಡದ ಹೆಸರಿಗೇ ಕಪ್ಪು ಬಳಿಯುವವನು. ‘ನಿಶಾಂತ್’ನಲ್ಲಂತೂ ಅಮರೀಶ್ ಪುರಿಯ ದುಷ್ಟ ತಮ್ಮಂದಿರಲ್ಲಿ ಒಬ್ಬ. ‘ಭೂಮಿಕಾ’ದಲ್ಲಿ ಸ್ಮಿತಾ ಪಾಟೀಲರ ಜೊತೆ ನಟಿಸುವ ಸಿನಿಮಾ ಹೀರೋ, ಅವಳ ಮೇಲೆ ಆಸೆ ಇದ್ದೂ ಗಟ್ಟಿಯಾಗಿ ನಿಲ್ಲದವನು.

ಇದೆಲ್ಲ ಕನ್ನಡದಲ್ಲಿ ‘ಬಯಲು ದಾರಿ’ ಹೀರೋ ಆಗಿ ಹೆಸರು ಬರುತ್ತಿದ್ದ ವರ್ಷಗಳಲ್ಲೇ. ಇಲ್ಲಿ ಹೀರೋ, ಅಲ್ಲಿ ನಾಲ್ಕನೇ ಪಾತ್ರ. ಎರಡಕ್ಕೂ ಹಿಂಜರಿಯಲಿಲ್ಲ.

ಮಾವಿನಕುರ್ವೆ ಹುಡುಗ (ಹೊನ್ನಾವರ)

ಶಂಕರಣ್ಣನ ಹೆಸರು ಬಂದ ಮೇಲೆ ಹೊನ್ನಾವರದವನು ಸುಮ್ನೆ ಕೂರುವುದು ಹೇಗೆ. ಶಂಕರ್ ನಾಗ್ ಹುಟ್ಟಿದ್ದು ಇಲ್ಲೇ, 1954ರ ನವೆಂಬರ್ 9. ಇವತ್ತಿಗೂ ಆಟೋ ಹಿಂದೆ ಅವರ ಫೋಟೋ. ಪಟ್ಟಿಯಲ್ಲಿ ‘ಮಿಂಚಿನ ಓಟ’ ಇರಲೇಬೇಕು. ತಮ್ಮನ ನಿರ್ದೇಶನ, ಅಣ್ಣ, ತಮ್ಮ, ಲೋಕೇಶ್ ಮೂವರೂ ಇದ್ದಾರೆ. ಅದರಲ್ಲಿ ಅನಂತ್ ನಾಗ್ ಅವರಿಗೆ ಓಡುವುದು, ಬೀಳುವುದು ಎಲ್ಲ ಇದೆ. ಗುಣವಂತೆ ಭಾವನಿಗೂ ಸಮಾಧಾನ ಆಗುತ್ತದೆ.

ಯಲ್ಲಾಪುರ ಮಾಸ್ತರ

1990ರ ಸೆಪ್ಟೆಂಬರ್ 30ರಂದು ಶಂಕರ್ ತೀರಿಕೊಂಡ ಮೇಲೆ ಆ ಅಣ್ಣ ಮತ್ತೆ ಕ್ಯಾಮೆರಾ ಮುಂದೆ ಬಂದು ಜನರನ್ನು ನಗಿಸಿದರು. ಮರುವರ್ಷವೇ ‘ಗೌರಿ ಗಣೇಶ’ ಬಂತು. ನಗುವ ಪಾತ್ರ ಹಗುರ ಅಂತ ತಿಳಿದವರು ಈ ತಾರೀಕುಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು. ತಮ್ಮನ ಬಗ್ಗೆ ಒಂದು ಪುಸ್ತಕವನ್ನೂ ಬರೆದರು, ‘ನನ್ನ ತಮ್ಮ ಶಂಕರ’. ನಮ್ಮ ಶಾಲೆ ಮಕ್ಕಳಿಗೆ ಓದಲು ಕೊಡುತ್ತೇನೆ.

ಕಡಲೆ ಮಿಠಾಯಿ (ಗೋಕರ್ಣ)

ನನಗೆ 20 ವರ್ಷ. ನನ್ನ ವಾರಗೆಯವರಿಗೆ ಅನಂತ್ ನಾಗ್ ಅಂದರೆ ‘ಕೆಜಿಎಫ್’ನ ಆನಂದ್ ಇಂಗಳಗಿ. ಆ ದನಿ ಇಲ್ಲದಿದ್ದರೆ ಮೊದಲ ಭಾಗದ ಕಥೆ ನಾವು ನಂಬುತ್ತಲೇ ಇರಲಿಲ್ಲ. ಎರಡನೇ ಭಾಗದಲ್ಲಿ ಅವರು ಇಲ್ಲ, ಪ್ರಕಾಶ್ ರಾಜ್ ಬಂದರು. ಅವರೂ ದೊಡ್ಡ ನಟರೇ, ಆದರೂ ನನಗೆ ಕಥೆ ಹೇಳುವವನ ಮೇಲಿನ ನಂಬಿಕೆ ಸ್ವಲ್ಪ ಕಡಿಮೆ ಆಯಿತು.

ತಾಳಮದ್ದಳೆ ಪ್ರಿಯ (ಸಿದ್ದಾಪುರ)

ತಂಗೀ, ಇದೇ ನಾನು ಹೇಳಿದ್ದು. ಕುರ್ಚಿಯಲ್ಲಿ ಕೂತು ಬರೀ ಮಾತಲ್ಲಿ ಒಂದು ಲೋಕ ಕಟ್ಟುವುದು.

ಅಘನಾಶಿನಿ ದಡ (ಕುಮಟಾ)

ಎಲ್ಲರದ್ದೂ ಓದಿದೆ. ಭಟ್ಕಳಿಗರ ಮಾತಿಗೆ ಉತ್ತರ ಕೊಡಲೇಬೇಕು. ಸೋಫಾ ಮೇಲಿನ ಅಪ್ಪನ ಪಾತ್ರಗಳು ಇದ್ದವು, ನಿಜ. ಆದರೆ ಅದೇ ಅಪ್ಪನನ್ನು 2016ರಲ್ಲಿ ಏನು ಮಾಡಿದರು ನೋಡಿ. ‘ಗೋಧಿ ಬಣ್ಣ’ದ ವೆಂಕೋಬ ರಾವ್‌ಗೆ ಮರೆವಿನ ಕಾಯಿಲೆ. ಮಗನ ಜೊತೆ ಹೊರಗೆ ಹೋದವರು ಕಳೆದುಹೋಗುತ್ತಾರೆ. ಇಂಥ ಪಾತ್ರ ಸಿಕ್ಕರೆ ನಟರು ಅಳಿಸಲು ಶುರು ಮಾಡುತ್ತಾರೆ. ಇವರು ಅಳಿಸುವುದಿಲ್ಲ. ತಾನು ಕಳೆದುಹೋಗಿದ್ದೇನೆ ಅಂತಲೇ ಆ ಮುದುಕನಿಗೆ ಗೊತ್ತಿಲ್ಲ, ಹಾಗಾಗಿ ಮುಖದಲ್ಲಿ ದುಃಖ ಇಲ್ಲ. ರೌಡಿಗಳ ನಡುವೆ ಕೂತು ಹೆಂಡತಿ ಪುಷ್ಪಾಳ ಕಥೆ ಹೇಳುವಾಗ ಕಣ್ಣು ಹೊಳೆಯುತ್ತದೆ. ನಮಗೆ ಸಂಕಟ ಆಗುವುದು ಆ ಹೊಳಪು ಕಂಡು.

ನಮ್ಮ ಮನೆಯಲ್ಲಿ ಅಜ್ಜಿಗೆ ಇದೇ ಕಾಯಿಲೆ ಇತ್ತು. ಮಕ್ಕಳ ಹೆಸರು ಮರೆತರೂ ತವರಿನ ಹಿತ್ತಲಿನ ಹಲಸಿನ ಮರ ಮರೆಯಲಿಲ್ಲ. ಆ ಮರದ ಮಾತು ಬಂದಾಗ ಅಜ್ಜಿಯ ಮುಖ ಹೇಗಿರುತ್ತಿತ್ತೋ ಪರದೆ ಮೇಲೆ ಹಾಗೇ ಇತ್ತು. ಮನೆಯವರೆಲ್ಲ ಅದನ್ನೇ ಹೇಳಿದರು.

ಗುಣವಂತೆ ಭಾವ

ಅಘನಾಶಿನಿಯವರೇ, ಈ ಒಂದು ಸಿನಿಮಾಕ್ಕೆ ನನ್ನ ವಿರೋಧ ಇಲ್ಲ. ಅದರಲ್ಲಿ ನಡಿಗೆಯೂ ಬೇರೆ ಇದೆ, ಗಮನಿಸಿದ್ದೇನೆ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ.

ಬೆಂಗಳೂರಲ್ಲಿರೋ ಭಟ್ಕಳಿಗ

ಗೋಧಿ ಬಣ್ಣ, ‘ಕವಲುದಾರಿ’ ಎರಡನ್ನೂ ಹೇಮಂತ್ ರಾವ್ ಮಾಡಿದ್ದು. ಅಂದರೆ ಪಾತ್ರ ಬರೆಯುವವರು ಸಿಕ್ಕಿದಾಗ ನಟ ಮತ್ತೆ ಎದ್ದರು. ನಾನು ಹೇಳಿದ್ದೂ ಅದೇ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಕೂಡ ಸೇರಿಸಿ. ಅರ್ಧ ಸಿನಿಮಾ ಆದ ಮೇಲೆ ಬರುತ್ತಾರೆ, ಕೋರ್ಟಿನಲ್ಲಿ ಕನ್ನಡ ಶಾಲೆ ಪರ ನಿಂತು ಮಾತಾಡುತ್ತಾರೆ, ಮಕ್ಕಳೆಲ್ಲ ಅವರ ಹಿಂದೆ.

ಕಾಳಿ ಸೇತುವೆ (ಕಾರವಾರ)

ಎಲ್ಲರೂ ಸಿನಿಮಾ ಸೇರಿಸುತ್ತಿದ್ದೀರಿ. ವ್ಯವಸ್ಥೆ ಬಗ್ಗೆ ಯಾರೂ ಕೇಳಲಿಲ್ಲ. ಸಾರ್ವಜನಿಕವಾಗಿ ತೋರಿಸಲು ಹಕ್ಕು ಇರುವವರ ಅನುಮತಿ ಪತ್ರ ಬೇಕು. ಹಳೇ ಸಿನಿಮಾಗಳಿಗೆ ಹಕ್ಕು ಯಾರ ಹತ್ತಿರ ಇದೆ ಅಂತ ಹುಡುಕಲೇ ತಿಂಗಳು ಬೇಕಾಗುತ್ತದೆ, ಈಗಲೇ ಶುರು ಮಾಡಿ. ಜೂನ್, ಜುಲೈಯಲ್ಲಿ ಕರೆಂಟ್ ಇರುತ್ತದೆ ಅಂತ ನಂಬಬೇಡಿ, ಜನರೇಟರ್ ಇಡಿ. ತಗಡಿನ ಸೂರಿನ ಹಾಲ್ ಆದರೆ ಮಳೆ ಸದ್ದಿಗೆ ಇವರ ಮೆಲ್ಲಗಿನ ಮಾತು ಒಂದೂ ಕೇಳಿಸುವುದಿಲ್ಲ. ಹಂಚಿನ ಅಥವಾ ಕಾಂಕ್ರೀಟ್ ಸೂರು ಇರುವ ಜಾಗ ನೋಡಿ.

ಅಘನಾಶಿನಿ ದಡ (ಕುಮಟಾ)

ಒಳ್ಳೆ ಮಾತು. ಜಾಗ ಕಾಂಕ್ರೀಟಿನದ್ದೇ. ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ: ‘ಅಂಕುರ್’, ‘ಬರ’, ‘ಗೌರಿ ಗಣೇಶ’, ‘ಬೆಳದಿಂಗಳ ಬಾಲೆ’, ‘ಗೋಧಿ ಬಣ್ಣ’. ಕಾರವಾರದವರ ಮಾತಿನಂತೆ ‘ಅಂಕುರ್’ ಮೊದಲು ಬೇಡ, ಮೂರನೇ ದಿನಕ್ಕೆ ಇಡುತ್ತೇನೆ. ‘ಮಿಂಚಿನ ಓಟ’ ಬಿಡಲು ಮನಸ್ಸಿಲ್ಲ, ಅನುಮತಿ ಸಿಕ್ಕರೆ ಆರನೇ ದಿನ.

ಕರಿ ಇಶಾಡ (ಅಂಕೋಲಾ)

‘ಗಣೇಶನ ಮದುವೆ’ ಎಲ್ಲಿ? ವಠಾರದ ಜಗಳ ನೋಡಿ ನಗದ ಮನೆ ಕರಾವಳಿಯಲ್ಲಿ ಇದೆಯಾ?

ತಾಳಮದ್ದಳೆ ಪ್ರಿಯ (ಸಿದ್ದಾಪುರ)

ನಗುವ ಜಾಗಕ್ಕೆ ನನ್ನ ಕೇಳಿಕೆ ‘ಉದ್ಭವ’. 1990ರದ್ದು, ಕೋಡ್ಲು ರಾಮಕೃಷ್ಣ ನಿರ್ದೇಶನ. ರಸ್ತೆ ಅಗಲ ಮಾಡುವ ಜಗಳದಲ್ಲಿ ದಾರಿ ಮಧ್ಯ ಗಣಪತಿ ಉದ್ಭವ ಆಗುವ ಕಥೆ. ಅನಂತ್ ನಾಗ್ ಅದರಲ್ಲಿ ಎರಡೂ ಕಡೆಯವರ ಕಿವಿ ಊದುತ್ತಾ ತನ್ನ ಕೆಲಸ ಮಾಡಿಕೊಳ್ಳುವ ರಘಣ್ಣ. ಜನ ನಗುತ್ತಾರೆ, ಆದರೆ ಆ ಮನುಷ್ಯನನ್ನು ನಂಬುವುದಿಲ್ಲ. ಸುಮಕ್ಕ ಹೇಳಿದ ‘ಅಂಕುರ್’ ಗುಣವೂ ಸಿಗುತ್ತದೆ, ಕರಿ ಇಶಾಡರ ನಗುವೂ ಸಿಗುತ್ತದೆ. ಚತುಷ್ಪಥ ಹೆದ್ದಾರಿಗೆ ಮನೆ, ಅಂಗಡಿ, ಗುಡಿ ಬಿಟ್ಟುಕೊಟ್ಟ ಊರುಗಳು ನಮ್ಮವು. ಆ ಕಥೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಗೌರಿ ಗಣೇಶ’ ತೆಗೆದು ಇದನ್ನು ಹಾಕಿ.

ಕರಿ ಇಶಾಡ (ಅಂಕೋಲಾ)

ಲಂಬೋದರನನ್ನು ತೆಗೆಯಲು ಬಿಡುವುದಿಲ್ಲ. ‘ಬರ’ ತೆಗೆಯಿರಿ.

ಕಾಳಿ ಸೇತುವೆ (ಕಾರವಾರ)

‘ಬರ’ಕ್ಕೆ ಕೈ ಹಚ್ಚಬೇಡಿ. ಆರು ದಿನ ಆಗುವುದಾದರೆ ಏಳೂ ಆಗಲಿ, ಜನರೇಟರ್ ಬಾಡಿಗೆಗೆ ಕಾರವಾರದಿಂದ ನಾವು ಕೆಲವರು ದುಡ್ಡು ಹಾಕುತ್ತೇವೆ.